ಸಿರೋಸಿಸ್ ರೋಗಿಯ ಮಂಕಿಗೆ ಕರುಳಿನಲ್ಲಿ ಮದ್ದು

ಪ್ರಶ್ನೆ: ಅಪ್ಪನಿಗೆ 61 ವರ್ಷ, ಲಿವರ್ ಸಿರೋಸಿಸ್ (ಲಿವರಿನಲ್ಲಿ ಗಾಯದ ಕಲೆ ತುಂಬಿ ಅದು ಕೆಡುವ ಕಾಯಿಲೆ) ಇದೆ. ಈಚೆಗೆ ಹಗಲೆಲ್ಲ ತೂಕಡಿಸುತ್ತಾರೆ, ರಾತ್ರಿ ಎದ್ದು ಕೂರುತ್ತಾರೆ. ಚಿಲ್ಲರೆ ಎಣಿಸಲೂ ತಡವರಿಸುತ್ತಾರೆ. ಡಾಕ್ಟರು ಲ್ಯಾಕ್ಟುಲೋಸ್ ಸಿರಪ್ (ಮಲ ಸಡಿಲಿಸುವ ಔಷಧಿ) ಕೊಟ್ಟಿದ್ದರು. ಮೋಷನ್ ಸರಿಯಾಗಿಯೇ ಆಗುತ್ತದೆಂದು ಅಪ್ಪ ಬಿಟ್ಟಿದ್ದಾರೆ. ಬೇಳೆ, ಮೊಸರನ್ನೂ ಬಿಡಿಸಬೇಕೇ? ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾಗಳ ಮದ್ದು) ಕೊಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ. ಆ ಸಿರಪ್ಪನ್ನು ಕೊಟ್ಟಿದ್ದು ಮಿದುಳಿನ ಸಲುವಾಗಿ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಪ್ರೋಟೀನ್, ಯೂರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಲಿವರ್ ಆರೋಗ್ಯವಾಗಿದ್ದರೆ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಸಾಗಹಾಕುತ್ತದೆ. ಸಿರೋಸಿಸ್‌ನಲ್ಲಿ ಆ ಕೆಲಸ ಕುಂಟುತ್ತದೆ, ಒಂದಷ್ಟು ರಕ್ತ ಲಿವರಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಅಮೋನಿಯಾ ಮಿದುಳು ಸೇರುತ್ತದೆ. ನಿದ್ದೆ, ಗಮನ, ಕೈಬರಹ ಮೊದಲು ಕೆಡುತ್ತವೆ. ವಯಸ್ಸಿನ ಮರೆವು ಎಂದು ಮನೆಯವರು ಸುಮ್ಮನಾಗುವುದೂ ಆಗಲೇ.

ಲ್ಯಾಕ್ಟುಲೋಸ್ ನಮಗೆ ಜೀರ್ಣವಾಗದ ಸಕ್ಕರೆ. ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಾಗಿಸುತ್ತವೆ. ಆ ಹುಳಿಯಲ್ಲಿ ಅಮೋನಿಯಾ ಅಮೋನಿಯಂ ಎಂಬ ಬೇರೆ ರೂಪ ತಾಳಿ, ರಕ್ತಕ್ಕೆ ಸೇರದೆ ಮಲದಲ್ಲಿ ಹೊರಹೋಗುತ್ತದೆ. ಸಾಮಾನ್ಯವಾಗಿ 15–30 ಮಿ.ಲೀ., ದಿನಕ್ಕೆ ಎರಡು–ಮೂರು ಸಲ. ಅಳತೆಗೋಲು ಬಾಟಲಿಯಲ್ಲಿಲ್ಲ, ಪಾಯಿಖಾನೆಯಲ್ಲಿದೆ: ದಿನಕ್ಕೆ 2–3 ಸಲ ಮೆತ್ತಗೆ ಆಗಬೇಕು. ಒಂದೇ ಸಲವಾದರೆ ಸಾಲದು. ನೀರು ನೀರಾಗಿ ನಾಲ್ಕೈದು ಸಲ ಹೋದರೆ ಡೋಸ್ ಇಳಿಸಬೇಕು, ಯಾಕೆಂದರೆ ನೀರು, ಪೊಟ್ಯಾಸಿಯಂ ನಷ್ಟವಾಗಿ ಮಂಕು ಹೆಚ್ಚುತ್ತದೆ. ಆರಂಭದಲ್ಲಿ ಹೊಟ್ಟೆಯುಬ್ಬರ ಸಹಜ. ಅತಿ ಸಿಹಿ ಅನ್ನಿಸಿದರೆ ನೀರಲ್ಲಿ ಬೆರೆಸಿ ಕೊಡಿ. ಮಂಕು ಮರುಕಳಿಸಿದರೆ ರಿಫಾಕ್ಸಿಮಿನ್ ಎಂಬ ಆಂಟಿಬಯಾಟಿಕ್ 550 ಮಿ.ಗ್ರಾಂ ದಿನಕ್ಕೆರಡು ಸಲ ಸೇರಿಸುವುದುಂಟು.

ಬೇಳೆ ಬಿಡಿಸಬೇಡಿ. ಪ್ರೋಟೀನ್ ಕಡಿತ ಹಳೆಯ ಸಲಹೆ. ಮಾಂಸಖಂಡವೂ ಅಮೋನಿಯಾ ಹೀರುತ್ತದೆ, ಅದು ಕರಗಿದರೆ ನಷ್ಟವೇ. ಕೆ.ಜಿ. ತೂಕಕ್ಕೆ ದಿನಕ್ಕೆ 1.2–1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕೆ.ಜಿ. ಇದ್ದವರಿಗೆ 72–90 ಗ್ರಾಂ. ಬೇಳೆ, ಹಾಲು, ಮೊಸರು ಇಂಥವರಿಗೆ ಮಾಂಸಕ್ಕಿಂತ ಚೆನ್ನಾಗಿ ಒಗ್ಗುತ್ತವೆ. ಮಲಗುವ ಮುನ್ನ ಹಾಲು–ಅವಲಕ್ಕಿಯಂಥದ್ದು ಕೊಡಿ. ರಾತ್ರಿಯಿಡೀ ಹೊಟ್ಟೆ ಖಾಲಿಯಿದ್ದರೆ ಮಾಂಸಖಂಡ ಕರಗುತ್ತದೆ. ಪ್ರೋಬಯಾಟಿಕ್ ಈ ಸಿರಪ್ಪಿಗೆ ಬದಲಿಯಲ್ಲ.

ಮನೆಯಲ್ಲೇ ಒಂದು ಪರೀಕ್ಷೆ: ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿಸಿ. ಹತ್ತಕ್ಕಿಂತ ಕಡಿಮೆಯಾದರೆ ಡಾಕ್ಟರಿಗೆ ತಿಳಿಸಿ. ಸದ್ಯ ಬೈಕ್ ಕೀಲಿ ಅವರ ಕೈಗೆ ಕೊಡಬೇಡಿ, ನಿದ್ದೆ ಮಾತ್ರೆಯನ್ನಂತೂ ಕೊಡಲೇಬೇಡಿ. ಕಪ್ಪು ಮಲ, ರಕ್ತವಾಂತಿ, ಜ್ವರ ಕಂಡರೆ, ಕರೆದರೂ ಏಳದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.