ಹಳೇ ಎಂಜಿಬಿ ರೋಡ್‌ಸ್ಟರ್‌ನ (ತಗಡಿನ ಛಾವಣಿಯಿಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಬಾಗಿಲು ಮುಚ್ಚುತ್ತಿಲ್ಲ, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್‌ಗೂ ತುಕ್ಕು ಹಿಡಿದಿದೆ. ಹಿಂಜ್ ಸರಿಮಾಡಿ, ಮೇಲೊಂದು ತಗಡು ವೆಲ್ಡ್ ಮಾಡಿಸಿದರೆ ಸಾಕೇ? 40 ವರ್ಷ ದಾಟಿದ ಕಾರಿಗೆ ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ) ಬೇಡವಲ್ಲ? ಇಟ್ಟುಕೊಳ್ಳಲೋ, ಮಾರಲೋ?

ಹಿಂಜ್ ಮುಟ್ಟಬೇಡಿ. ತುಕ್ಕು ಒಂದು ತೊಂದರೆ, ಬಾಗಿಲು ಇನ್ನೊಂದು ತೊಂದರೆ ಅಂದುಕೊಂಡಿದ್ದೀರಿ. ಎರಡೂ ಒಂದೇ. ಬಾಗಿಲ ಮೇಲ್ತುದಿ ಹಿಂದಿನ ವಿಂಗ್‌ಗೆ (ಚಕ್ರದ ಮೇಲಿನ ಹೊರ ತಗಡಿಗೆ) ಉಜ್ಜುತ್ತಿದೆ ಅಂದರೆ ನಿಮ್ಮ ಕಾರಿನ ನಡು ಕುಸಿದಿದೆ.

ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಗ 1971ರ ಎಂಜಿಬಿ ರೋಡ್‌ಸ್ಟರ್ ಕೊಂಡೆ. ಮೇಲೆ ಥಳಕು, ಒಳಗೆ ಹುಳುಕು. ಪೇಂಟ್ ಕನ್ನಡಿಯ ಹಾಗಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ತಟ್ಟಿದರೆ ಮಾತ್ರ ಠಣ್ ಅನ್ನಬೇಕಾದ್ದು ದಬ್ ಅಂದಿತು. ಹಿಂದೆ ಯಾರೋ ಕೊಳೆತ ಸಿಲ್ ಮೇಲೆ ಹೊಸ ತಗಡು ಹೊದಿಸಿ, ಪುಟ್ಟಿ ಬಳಿದು ಕೈತೊಳೆದುಕೊಂಡಿದ್ದರು. ಅದನ್ನು ಕಿತ್ತಾಗ ಒಳಗಿಂದ ಬಂದದ್ದು ಒದ್ದೆ ಮಣ್ಣು, ಹಪ್ಪಳದ ಚೂರಿನಂಥ ತುಕ್ಕಿನ ಹಕ್ಕಳೆ, ಒಂದು ಬಕೆಟ್ ತುಂಬ. ಮುಂದಿನ ಚಕ್ರ ಎರಚುವ ಕೆಸರು ಆ ಚಕ್ರದ ಬೆನ್ನಿಗಿರುವ ಪ್ಯಾನೆಲ್ ಕೊಳೆತ ಜಾಗದಿಂದ ನುಗ್ಗಿ ಅಲ್ಲೇ ಕೂತಿರುತ್ತೆ. ನೀರು ಹೋಗುವ ತೂತುಗಳನ್ನು ಅಂಡರ್‌ಸೀಲ್, ಅಂದರೆ ಕಾರಿನ ತಳಕ್ಕೆ ಬಳಿಯುವ ದಪ್ಪ ಲೇಪ, ಮುಚ್ಚಿರುತ್ತೆ.

ಸಿಲ್ ಅಂದರೆ ಬರೀ ಹೊಸ್ತಿಲಲ್ಲ. ಈ ಕಾರಿಗೆ ಬೇರೆ ಷಾಸಿ ಇಲ್ಲ, ಮೇಲೆ ಹಿಡಿದುಕೊಳ್ಳಲು ತಗಡಿನ ಛಾವಣಿಯೂ ಇಲ್ಲ. ಹೊರಗಿನ ಸಿಲ್, ನಡುವಿನ ನೆಟ್ಟಗಿನ ತಗಡು ಮೆಂಬ್ರೇನ್, ಕೆಳಗಿನ ಮಡಿಸಿದ ಪಟ್ಟಿ ಕ್ಯಾಸಲ್ ರೈಲ್ ಸೇರಿ ಆಗುವ ಆ ಪೆಟ್ಟಿಗೆಯೇ ತೊಲೆ. ಅದು ಸೋತರೆ ಬಾಗಿಲ ಹಿಂದುಮುಂದಿನ ಎರಡು ಕಂಬಗಳ ತಲೆ ಒಂದರ ಕಡೆಗೊಂದು ವಾಲುತ್ತೆ. ಮೇಲೆ ಸಂದು ಕಿರಿದಾಗುತ್ತೆ, ಕೆಳಗೆ ಅಗಲವಾಗುತ್ತೆ. ತೀರ್ಥಹಳ್ಳಿಯ ನಮ್ಮ ಅಜ್ಜನ ಮನೆಯಲ್ಲಿ ಗೆದ್ದಲು ತೊಲೆ ತಿಂದಿತ್ತು. ಬಾಗಿಲು ಹಿಡಿಯುತ್ತೆ ಅಂತ ಪ್ರತಿ ಮಳೆಗಾಲ ಬಾಗಿಲನ್ನೇ ಹೆರೆಯುತ್ತಿದ್ದರು. ನಿಮ್ಮ ಹಿಂಜ್ ರಿಪೇರಿಯೂ ಅದೇ.

ಇಷ್ಟೆಲ್ಲ ಓದಿಕೊಂಡೇ ನಾನು ತಪ್ಪು ಮಾಡಿದೆ. ಕಾರಿನ ಎರಡು ತುದಿಗೂ ಆಕ್ಸಲ್ ಸ್ಟ್ಯಾಂಡ್ ಕೊಟ್ಟು ಎತ್ತಿದೆ. ನಡುವಿಗೆ ಆಸರೆ ಕೊಡಲಿಲ್ಲ. ತಗಡು ಕತ್ತರಿಸುವ ಗ್ರೈಂಡರ್‌ಗೆ ಅಡ್ಡ ಅಂತ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿದೆ. ನನ್ನನ್ನು ಮುಳುಗಿಸಿದ್ದು ಅದೇ, ಆ ಬಾಗಿಲು ಬಿಚ್ಚಿದ್ದು. ಕಾರು ಎಷ್ಟು ಬಗ್ಗಿದೆ ಅಂತ ಹೇಳಲು ಇದ್ದ ಒಂದೇ ಅಳತೆಗೋಲು ಅದು. ಕಂಬದಿಂದ ಕಂಬಕ್ಕೆ ಬ್ರೇಸ್ (ಬಗ್ಗದಂತೆ ಹಿಡಿಯುವ ಅಡ್ಡಪಟ್ಟಿ) ಕೂಡ ಹಾಕಲಿಲ್ಲ. ಹಳೇ ಸಿಲ್ ಕತ್ತರಿಸಿದ ಗಳಿಗೆಯಲ್ಲಿ ಕಾರು ಇನ್ನಷ್ಟು ಇಳಿದಿರಬೇಕು, ಕಣ್ಣಿಗೆ ಕಾಣಲಿಲ್ಲ. ಶನಿವಾರ ರಾತ್ರಿ ಹನ್ನೊಂದರವರೆಗೆ ಕೂತು ಹೊಸ ಸಿಲ್ ವೆಲ್ಡ್ ಮಾಡಿದೆ. ಬೆಳಿಗ್ಗೆ ಬಾಗಿಲು ತೂಗಿಹಾಕಿ ತಳ್ಳಿದರೆ ಮೇಲಿನ ಮೂಲೆ ಹಿಂದಿನ ವಿಂಗ್ ಮೇಲೆ 6 ಮಿಲಿಮೀಟರ್ ಹತ್ತಿ ನಿಂತಿತು. ಬಗ್ಗಿದ್ದ ಕಾರನ್ನು ಬಗ್ಗಿದ ಹಾಗೇ ಗಟ್ಟಿ ಮಾಡಿದ್ದೆ. ಹೊಸ ಸಿಲ್ ಕತ್ತರಿಸಿ ತೆಗೆದು, ಇನ್ನೊಂದು ಕೊಂಡು, ಮತ್ತೆ ಮೊದಲಿಂದ. ಐದು ತಿಂಗಳು ಹೋಯಿತು.

ಎರಡನೇ ಸಲ ಬಾಗಿಲು ಹಾಕಿಯೇ ಇಟ್ಟೆ. ಅಡಿಯ ಕ್ರಾಸ್‌ಮೆಂಬರ್ (ಅಡ್ಡತೊಲೆ) ಕೆಳಗೆ ದಪ್ಪ ಮರದ ತುಂಡು, ಅದರ ಕೆಳಗೆ ಜ್ಯಾಕ್. ಕಾಲು ಸುತ್ತು ಎತ್ತುವುದು, ಎದ್ದು ಹೋಗಿ ಸಂದು ಅಳೆಯುವುದು. ಮೇಲೂ ಕೆಳಗೂ ಸಂದು ಸಮ ಆದಮೇಲೆ, ಬಾಗಿಲು ಮುಚ್ಚಲು ಅಡ್ಡಿಯಾಗದ ಹಾಗೆ ಕ್ಯಾಬಿನ್ ಒಳಗಿನಿಂದ ಚೌಕ ಪೈಪ್ ಬ್ರೇಸ್ ಹಾಕಿದೆ. ಆಮೇಲೆಯೇ ಗ್ರೈಂಡರ್ ಮುಟ್ಟಿದ್ದು. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿ ಕತ್ತರಿಸಲೇಬೇಡಿ. ಸಿಲ್‌ನ ಎರಡು ತುದಿಗಳೂ ವಿಂಗ್‌ಗಳ ಹಿಂದೆ ಅಡಗಿರುತ್ತವೆ, ಆದ್ದರಿಂದ ವಿಂಗ್‌ಗಳ ತಳ ಕತ್ತರಿಸದೆ ಈ ಕೆಲಸ ಆಗಲ್ಲ. ಕಾಣುವ ಭಾಗಕ್ಕಷ್ಟೇ ತಗಡು ಹಾಕಿಕೊಡ್ತೀನಿ ಅನ್ನುವ ವೆಲ್ಡರ್ ಬೇಡ. ವೆಲ್ಡನ್ನು ಒಂದೇ ಸಮನೆ ಎಳೆಯದೆ ಚುಕ್ಕೆ ಚುಕ್ಕೆಯಾಗಿ, ಜಾಗ ಬದಲಿಸುತ್ತ ಹಾಕಬೇಕು, ಇಲ್ಲದಿದ್ದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತೆ. ಸೀಟಿನ ಹಿಂದಿನ ಬ್ಯಾಟರಿ ಮೊದಲು ಬಿಚ್ಚಿ.

40 ವರ್ಷ ದಾಟಿದ ಕಾರಿಗೆ ಎಂಒಟಿ ಬೇಡವಲ್ಲ, ತೇಪೆ ಸಾಕು ಅಂತಲೂ ಬರೆದಿದ್ದೀರಿ. ಪರೀಕ್ಷೆಗೆ ವಿನಾಯಿತಿ ಇರಬಹುದು. ಪಕ್ಕದಿಂದ ಇನ್ನೊಂದು ಕಾರು ಗುದ್ದಿದರೆ ನಿಮ್ಮ ಸೊಂಟಕ್ಕೂ ಅದಕ್ಕೂ ನಡುವೆ ಇರುವುದು ಇದೇ ಸಿಲ್.

ಮಾರುವುದೋ ಇಟ್ಟುಕೊಳ್ಳುವುದೋ ಆಮೇಲೆ ನೋಡೋಣ. ಮೊದಲು ಕಾರನ್ನು ನಾಲ್ಕು ಚಕ್ರದ ಮೇಲೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಎರಡೂ ಬಾಗಿಲ ಹಿಂದಿನ ಸಂದನ್ನು ಮೇಲೆ, ಕೆಳಗೆ ಅಳೆದು ಆ ನಾಲ್ಕು ಅಂಕಿ ಇಲ್ಲಿ ಬರೆಯಿರಿ.