ಸಂಪಾದಕರ ಉತ್ತರ: ಮಕ್ಕಳೇ ಮೇಷ್ಟ್ರಾದಾಗ

ಪ್ರೀತಿಯ ಟೀಚರ್,

ಸೋಮವಾರಪೇಟೆ ಕಡೆಯ ಸರ್ಕಾರಿ ಶಾಲೆಯಿಂದ ನೀವು ಬರೆದ ಪತ್ರ ತಲುಪಿತು. ದೊಡ್ಡ ಕ್ಲಾಸಿನ ಮಕ್ಕಳಿಂದ ಚಿಕ್ಕವರಿಗೆ ಆರೋಗ್ಯದ ಪಾಠ ಹೇಳಿಸುವ ಆಸೆ ನಿಮಗಿದೆ. ಆದರೆ ಅವರು ತಪ್ಪು ಹೇಳಿಕೊಟ್ಟರೆ ಏನು ಗತಿ, ನಮ್ಮ ಕೆಲಸವನ್ನು ಮಕ್ಕಳ ತಲೆಗೆ ಕಟ್ಟಿದ ಹಾಗಾಗುವುದಿಲ್ಲವೇ ಎಂದು ಕೇಳಿದ್ದೀರಿ. ಎರಡೂ ಕೇಳಲೇಬೇಕಾದ ಪ್ರಶ್ನೆಗಳು.

ಮೊದಲು ನಾನು ಕಂಡದ್ದನ್ನು ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ದಕ್ಷಿಣ ಕೊಡಗಿನ ಒಂದು ಶಾಲೆಗೆ ಹೋಗಿದ್ದೆ. ಬಿಸಿಯೂಟದ ಹೊತ್ತು. ಒಂದನೇ ಕ್ಲಾಸಿನ ಹುಡುಗನೊಬ್ಬ ಬೆರಳ ತುದಿ ಮಾತ್ರ ಒದ್ದೆ ಮಾಡಿಕೊಂಡು ತಟ್ಟೆ ಹಿಡಿದು ಓಡಿದ. ಟೀಚರ್ ಎರಡು ಸಲ ಕರೆದರೂ ತಿರುಗಲಿಲ್ಲ. ಆರನೇ ಕ್ಲಾಸಿನ ಹುಡುಗಿ ಹೋಗಿ ಎರವ ಭಾಷೆಯಲ್ಲಿ ಏನೋ ಅಂದಳು. ಅದು ಅವನ ಮನೆಮಾತು. ಇಬ್ಬರೂ ನಲ್ಲಿ ಹತ್ತಿರ ಬಂದರು. ಅವಳು ಸೋಪು ಹಚ್ಚಿ, ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ತಿರುಗಿಸಿ, ಬೆರಳ ಸಂದಿ ಉಜ್ಜಿ ತೋರಿಸಿದಳು. ಅವನೂ ಹಾಗೇ ಮಾಡಿದ. 20ರವರೆಗೆ ಎಣಿಸಿದ ಮೇಲೇ ಅವಳು ನೀರು ಬಿಟ್ಟಿದ್ದು. ನಮ್ಮಲ್ಲಿ ಒಂದೇ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ, ಮಲಯಾಳ, ತುಳು ಮಾತಾಡುವ ಮಕ್ಕಳಿರುತ್ತಾರೆ ಅಲ್ವಾ? ಅಷ್ಟೂ ಭಾಷೆ ಬರುವ ಟೀಚರನ್ನು ಎಲ್ಲಿಂದ ತರೋಣ?

1978ರಲ್ಲಿ ಲಂಡನ್ನಿನಲ್ಲಿ ಮಕ್ಕಳ ವೈದ್ಯ ಡೇವಿಡ್ ಮಾರ್ಲೆ ಮತ್ತು ಜೊತೆಗಾರರು ‘ಚೈಲ್ಡ್ ಟು ಚೈಲ್ಡ್’ (ಮಗುವಿನಿಂದ ಮಗುವಿಗೆ) ಎಂಬ ಕಾರ್ಯಕ್ರಮ ಶುರುಮಾಡಿದರು. ಎಷ್ಟೋ ಮನೆಗಳಲ್ಲಿ ಚಿಕ್ಕವರನ್ನು ನೋಡಿಕೊಳ್ಳುವವರು ಅಕ್ಕ, ಅಣ್ಣಂದಿರೇ, ಅವರಿಗೇ ಕಲಿಸೋಣ ಎಂಬ ಯೋಚನೆ ಅದು. ಕಾಫಿ ಕುಯ್ಲಿನ ದಿನಗಳಲ್ಲಿ ತೋಟದ ಕೆಲಸಗಾರರಿರುವ ನಮ್ಮ ಲೈನ್ ಮನೆಗಳಲ್ಲೂ ಅದೇ ತಾನೇ? 2020ರಲ್ಲಿ ಬಂದ ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲೂ ಪ್ರತಿ ಶಾಲೆಗೆ ಇಬ್ಬರು ಶಿಕ್ಷಕರು ಆರೋಗ್ಯದ ರಾಯಭಾರಿಗಳು, ಮಕ್ಕಳು ಅವರ ಸಂದೇಶ ಒಯ್ಯುವವರು.

ಇನ್ನು ತಪ್ಪಿನ ಮಾತು. ಭೇದಿಗೆ ಮನೆಯಲ್ಲೇ ಮಾಡುವ ಉಪ್ಪು-ಸಕ್ಕರೆ ನೀರನ್ನೇ ತೆಗೆದುಕೊಳ್ಳಿ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗುಡ್ಡೆಯಾಗಿ ತುಂಬಿರಬಾರದು, ಅಡಿಪಟ್ಟಿಯಿಂದ ಸವರಿ ಸಮ ಮಾಡಬೇಕು. ಉಪ್ಪು ಜಾಸ್ತಿಯಾದರೆ ಮಗುವಿಗೇ ಅಪಾಯ. ಬಾಯಿಪಾಠ ಮಾಡಿಸಿದರೆ ಇದು ಖಂಡಿತ ತಪ್ಪುತ್ತದೆ. ನಿಮ್ಮೆದುರಿಗೇ ಮಾಡಿಸಿ, ರುಚಿ ನೋಡಿಸಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಲಿ. ಮೂರು ಸಲ ಸರಿಯಾಗಿ ಮಾಡಿದವರು ಇನ್ನೊಬ್ಬರಿಗೆ ಹೇಳಿಕೊಡಲಿ. ಓಆರ್‌ಎಸ್ (ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಪುಡಿ) ಪೊಟ್ಟಣ ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ, ಇದ್ದರೆ ಅದೇ ಒಳ್ಳೆಯದು ಎಂದೂ ಹೇಳಿ. ಮಗು ಸುಸ್ತಾಗಿ ಮಲಗಿ ನೀರನ್ನೂ ಕುಡಿಯದಿದ್ದರೆ ಕೂಡಲೇ ದೊಡ್ಡವರನ್ನು ಕರೆಯಬೇಕು. ಆಸ್ಪತ್ರೆಗೆ ಒಯ್ಯುವುದು ದೊಡ್ಡವರ ಕೆಲಸ.

ನಿಮ್ಮ ಎರಡನೇ ಪ್ರಶ್ನೆ ನನ್ನನ್ನು ಜಾಸ್ತಿ ಕಾಡಿತು. ಇಡೀ ದಿನ ತೋಟದಲ್ಲಿ ದುಡಿದು ಬಂದ ತಾಯಿ ಒದ್ದೆ ಸೌದೆ ಊದುತ್ತಾ ಕೂತಿರುತ್ತಾಳೆ. “ನೀರು ಯಾಕೆ ಕುದಿಸಿಲ್ಲ?” ಎಂದು ಮಗು ಗದರಿದರೆ ಅವಳಿಗೆ ನೋವಾಗುತ್ತದೆ, ನೀರು ಕುದಿಯುವುದಿಲ್ಲ. ಅದಕ್ಕೇ ಮಕ್ಕಳು ಮೊದಲು ಮನೆಯಲ್ಲಿ ಕೇಳಿಕೊಂಡು ಬರಲಿ: ನೀರು ಎಲ್ಲಿಂದ ಬರುತ್ತದೆ, ಸೌದೆ ಎಷ್ಟಿದೆ, ಯಾರು ಕುದಿಸುತ್ತಾರೆ? ಸೌದೆಯೇ ಇಲ್ಲದ ಮನೆಯ ಮಗು ಸಂಜೆ ಶಾಲೆಯ ಅಡುಗೆಮನೆಯಿಂದ ಕುದಿಸಿದ ನೀರನ್ನು ಬಾಟಲಿಯಲ್ಲಿ ಒಯ್ಯಬಹುದೇ? ಅಡುಗೆಯವರ ಹತ್ತಿರ ಮಾತಾಡಿ ನೋಡಿ.

ಒಂದು ತಿಂಗಳಿಗೆ ಒಂದೇ ವಿಷಯ ಸಾಕು. ನಮಗೆ ಕಾರ್ಯಕ್ರಮದ ಫೋಟೋ ಬೇಡ ಟೀಚರ್. ಮಕ್ಕಳು ಮನೆಯಿಂದ ತಂದ ಉತ್ತರಗಳನ್ನು ಅವರ ಕೈಬರಹದಲ್ಲೇ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ