ಗೇರ್ ಬೀಳುತ್ತಿಲ್ಲ, ಗೇರ್‌ಬಾಕ್ಸ್ ಇಳಿಸಲಾ?

ಪ್ರಶ್ನೆ: ನನ್ನದು ಐದು ಗೇರಿನ ಡೀಸೆಲ್ ಪಿಕಪ್. ಕ್ಲಚ್ ಹೈಡ್ರಾಲಿಕ್. ಒಂದು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಫಸ್ಟ್ ಗೇರ್ ಸಲೀಸಾಗಿ ಬೀಳುವುದಿಲ್ಲ. ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ. ಪೆಡಲ್ಲನ್ನು ಎರಡು ಮೂರು ಸಲ ಬಡಬಡ ತುಳಿದರೆ ಗೇರ್ ಬೀಳುತ್ತದೆ. ಗೇರಿನಲ್ಲಿಟ್ಟು ಕ್ಲಚ್ ಒತ್ತಿಕೊಂಡೇ ಸ್ವಲ್ಪ ಹೊತ್ತು ನಿಂತರೆ ಗಾಡಿ ತಾನಾಗಿ ಮುಂದಕ್ಕೆ ಸರಿಯುತ್ತದೆ. ಲೋಡ್ ಹಾಕಿದರೂ ಏರಿನಲ್ಲಿ ಚೆನ್ನಾಗೇ ಎಳೆಯುತ್ತದೆ. ಆಯಿಲ್ ಸೋರಿದ ಗುರುತು ಎಲ್ಲೂ ಇಲ್ಲ. ಮೆಕ್ಯಾನಿಕ್ ‘ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಅಂತಿದ್ದಾರೆ. ಇಳಿಸಲಾ?

ಉತ್ತರ: ಸದ್ಯಕ್ಕೆ ಬೇಡ. ‘ಏರಿನಲ್ಲಿ ಚೆನ್ನಾಗೇ ಎಳೆಯುತ್ತದೆ’ ಅಂತ ನೀವೇ ಬರೆದಿದ್ದೀರಿ. ಪ್ಲೇಟ್ ಸವೆದಿದ್ದರೆ ಮೊದಲು ಕೈಕೊಡುವುದೇ ಅಲ್ಲಿ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬೇರೆ. ನಿಮ್ಮ ಕ್ಲಚ್ ಸರಿಯಾಗೇ ಹಿಡಿಯುತ್ತಿದೆ, ಬಿಡುವಾಗ ತಕರಾರು ಮಾಡುತ್ತಿದೆ. ಪೆಡಲ್ ಒತ್ತಿದರೂ ಪ್ಲೇಟ್ ಎಂಜಿನ್ ಜೊತೆ ತಿರುಗುವ ಫ್ಲೈವೀಲ್‌ನಿಂದ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಗೇರ್‌ಬಾಕ್ಸ್ ಒಳಗಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ. ರಿವರ್ಸ್ ಕರಕರ ಅನ್ನುವುದು ಅದಕ್ಕೇ. ಇದಕ್ಕೆ ಪ್ಲೇಟ್ ಬದಲಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ನೀವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿರುವ ಆಯಿಲನ್ನು ದೂಡುತ್ತದೆ. ಆ ಒತ್ತಡಕ್ಕೆ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್ ತನ್ನ ಪುಷ್ ರಾಡ್‌ನಿಂದ ಕ್ಲಚ್ ಬಿಡಿಸುವ ಫೋರ್ಕನ್ನು ತಳ್ಳುತ್ತದೆ. ಈ ರಾಡ್ ಓಡಾಡುವುದೇ ಸ್ವಲ್ಪ ದೂರ. ಅದರಲ್ಲಿ ಎರಡು ಮೂರು ಮಿಲಿಮೀಟರ್ ಕಮ್ಮಿಯಾದರೂ ಸಾಕು, ಗೇರ್ ಹಟ ಹಿಡಿಯುತ್ತದೆ.

ಬಡಬಡ ತುಳಿದಾಗ ಸರಿಹೋಗುತ್ತದೆ ಅಂದರೆ ಅನುಮಾನ ಹೈಡ್ರಾಲಿಕ್ ಕಡೆಗೇ. ಒಂದೋ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಸವೆದಿದೆ. ಗಾಳಿಯಿದ್ದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿರುತ್ತದೆ. ಆದರೆ ಒತ್ತಿ ಹಿಡಿದರೂ ಗಾಡಿ ಮೆಲ್ಲಗೆ ಸರಿಯುತ್ತದೆ ಅಂತೀರಲ್ಲ, ಅದು ಸೀಲಿನ ಕೆಲಸದ ಹಾಗಿದೆ. ಸವೆದ ಸೀಲಿನ ಅಂಚಿನಿಂದ ಆಯಿಲ್ ನುಸುಳಿ, ಮಾಸ್ಟರ್‌ಗೆ ಆಯಿಲ್ ಕೊಡುವ ಡಬ್ಬಿಗೇ ವಾಪಸ್ ಹೋಗುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಸೋರಿಕೆ ಕಾಣಿಸದೇ ಇದ್ದರೆ ಸಿಲಿಂಡರ್ ಚೆನ್ನಾಗಿದೆ ಅಂತ ಸುಮಾರು ಜನ ತಪ್ಪು ತಿಳಿಯುವುದು ಇಲ್ಲೇ.

ಈಗ ಪರೀಕ್ಷೆಗೆ ಬನ್ನಿ. ಎಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಗ ಬೆಣ್ಣೆಯಂತೆ ಬಿದ್ದು, ಎಂಜಿನ್ ಓಡುವಾಗ ಮಾತ್ರ ಬೀಳದಿದ್ದರೆ ಗೇರ್‌ಬಾಕ್ಸಿನ ಮೇಲೆ ಸುಮ್ನೆ ಅನುಮಾನ ಪಡಬೇಡಿ. ಆಮೇಲೆ ಪೆಡಲ್ ಹಿಂದೆ ಕೈಹಾಕಿ, ಮಾಸ್ಟರ್‌ನ ರಾಡ್ ಒಳಬರುವ ಜಾಗ ಸವರಿ. ಕಾರ್ಪೆಟ್ ಎತ್ತಿ ಅದರ ಅಡಿಯನ್ನೂ ನೋಡಿ. ಮಾಸ್ಟರ್ ಸೋರಿದರೆ ಕೆಲವು ಸಲ ಆಯಿಲ್ ಕ್ಯಾಬಿನ್ ಒಳಗೇ ಇಳಿಯುತ್ತದೆ, ಎಂಜಿನ್ ಕಡೆ ಏನೂ ಕಾಣುವುದಿಲ್ಲ. ಅಲ್ಲಿರುವಾಗಲೇ ಪೆಡಲ್ಲಿನ ಪಿನ್ ಅಲ್ಲಾಡಿಸಿ ನೋಡಿ. ಪಿನ್ ಮತ್ತು ಬುಷ್ ಸವೆದು ಲೂಸಾದರೆ ಅರ್ಧ ತುಳಿತ ಅಲ್ಲೇ ಖರ್ಚಾಗುತ್ತದೆ. ದಪ್ಪ ಫ್ಲೋರ್ ಮ್ಯಾಟ್ ಪೆಡಲ್ಲಿಗೆ ಅಡ್ಡ ಬಂದರೂ ಇದೇ ಕಥೆ. ನಗಬೇಡಿ, ಮ್ಯಾಟ್ ಎಳೆದು ಬಿಸಾಕಿ ರಿಪೇರಿ ಮುಗಿಸಿದ್ದೂ ಇದೆ.

ನಂತರ ಗಾಡಿ ಕೆಳಗೆ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕಲ್ಲು ಕೊಡುವುದನ್ನು ಮರೆಯಬೇಡಿ. ಸ್ಲೇವ್ ಸಿಲಿಂಡರ್ ಬಾಯಿಗೆ ಒಂದು ರಬ್ಬರ್ ಬೂಟ್ ಇರುತ್ತದೆ. ಅದರ ತುಟಿಯನ್ನು ಉಗುರಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿ. ಒಳಗೆ ಒಣ ಧೂಳಿದ್ದರೆ ಒಳ್ಳೆಯದು. ಬೆರಳಿಗೆ ಕಪ್ಪು ಒದ್ದೆ ಮಸಿ ಅಂಟಿದರೆ ಸ್ಲೇವ್ ಸೀಲ್ ಹೋಗಿದೆ. ಬೂಟ್ ಆಯಿಲನ್ನು ಒಳಗೇ ಹಿಡಿದಿಟ್ಟುಕೊಳ್ಳುವುದರಿಂದ ನೆಲದ ಮೇಲೆ ಗುರುತು ಬೀಳದೇ ಇರಬಹುದು.

ಮುಖ್ಯ ಪರೀಕ್ಷೆ ಇದು. ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ಪೂರ್ತಿ ಒತ್ತಿಸಿ. ರಾಡ್ ಎಷ್ಟು ಹೊರಬಂತು ಅಂತ ಸ್ಟೀಲ್ ಸ್ಕೇಲ್ ಇಟ್ಟು ಅಳೆಯಿರಿ, ಕಣ್ಣಂದಾಜು ಬೇಡ. ಎಷ್ಟು ಬರಬೇಕು ಅನ್ನುವುದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ಪೆಡಲ್ ಹಾಗೇ ಒಂದು ನಿಮಿಷ ಹಿಡಿದಿರಲಿ. ಕಾಲು ಕದಲದೇ ಇದ್ದರೂ ರಾಡ್ ಮೆಲ್ಲಗೆ ವಾಪಸ್ ಹೋಗುತ್ತಿದೆಯಾ? ಹೊರಗೆ ಸೋರಿಕೆಯೂ ಇಲ್ಲವಾ? ಹಾಗಾದರೆ ಮಾಸ್ಟರ್ ಸಿಲಿಂಡರ್ ಬದಲಿಸಿ. ರಾಡ್ ಪೂರ್ತಿ ಬಂದು, ಅಲ್ಲೇ ನಿಂತು, ಆದರೂ ಗೇರ್ ಕರಕರ ಅಂದರೆ ಸಮಸ್ಯೆ ಒಳಗಿದೆ. ಫೋರ್ಕ್ ಬಾಗಿರಬಹುದು, ಪ್ಲೇಟ್ ಸೊಟ್ಟಗಾಗಿರಬಹುದು, ಶಾಫ್ಟಿನ ಹಲ್ಲುಗಳ ಮೇಲೆ ಪ್ಲೇಟ್ ಬಿಗಿ ಹಿಡಿದಿರಬಹುದು. ಆಗ ಗೇರ್‌ಬಾಕ್ಸ್ ಇಳಿಸಿ, ನನ್ನದೇನೂ ಅಭ್ಯಂತರವಿಲ್ಲ.

ಒಂದು ಮಾತು. ಕೆಲವು ಗಾಡಿಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೇ, ಶಾಫ್ಟಿನ ಸುತ್ತ ಕೂತಿರುತ್ತದೆ. ಅದರಲ್ಲಿ ಬೂಟ್ ನೋಡುವುದಕ್ಕೂ ಆಗಲ್ಲ, ರಾಡ್ ಅಳೆಯುವುದಕ್ಕೂ ಆಗಲ್ಲ. ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಕವಚ) ಅಡಿಯಿಂದ ಬ್ರೇಕ್ ಆಯಿಲ್, ಅಂದರೆ ಕ್ಲಚ್ ಲೈನಿನ ಆಯಿಲ್, ತೊಟ್ಟಿಕ್ಕುತ್ತಿದ್ದರೆ ಅದು ಸೋರುತ್ತಿರುವ ಗುರುತು. ಆಗ ಇಳಿಸದೇ ಬೇರೆ ದಾರಿಯಿಲ್ಲ. ಹೇಗೂ ಇಳಿಸಿದ ಮೇಲೆ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್‌ಗಳನ್ನೂ ನೋಡಿಬಿಡಿ.

ಪ್ರಶ್ನೆ: ಸ್ಲೇವ್ ಸಿಲಿಂಡರ್ ಹೊಸದು ಹಾಕಿಸಿದೆ. ಏರ್ ತೆಗೆದಷ್ಟೂ ಪೆಡಲ್ ಮೆತ್ತಗೇ ಇದೆ. ಹೊಸ ಸಾಮಾನೇ ಕೆಟ್ಟದ್ದಾ?

ಉತ್ತರ: ಇರಬಹುದು, ಆದರೆ ಮೊದಲು ಏರ್ ತೆಗೆಯುವ ನಿಪ್ಪಲ್ ಎಲ್ಲಿದೆ ನೋಡಿ. ಗಾಳಿ ಮೇಲಕ್ಕೇ ಹೋಗುತ್ತದೆ ಅಲ್ವಾ? ಸಿಲಿಂಡರಿನ ಅತಿ ಎತ್ತರದ ಜಾಗದಲ್ಲಿ ನಿಪ್ಪಲ್ ಇರಬೇಕು. ತಲೆಕೆಳಗಾಗಿ ಕೂರಿಸಿದ್ದರೆ ದಿನವಿಡೀ ತುಳಿದರೂ ಗಾಳಿ ಒಳಗೇ ಉಳಿಯುತ್ತದೆ. ಪೆಡಲ್ ಕೆಳಗಿರುವಾಗಲೇ ನಿಪ್ಪಲ್ ಬಿಗಿ ಮಾಡಿ, ಆಮೇಲೆ ಕಾಲು ಎತ್ತಿಸಿ. ನಡುವೆ ಡಬ್ಬಿ ಖಾಲಿಯಾದರೆ ಮತ್ತೆ ಮೊದಲಿನಿಂದ ಶುರು.

ಅಷ್ಟಾದರೂ ಮೆತ್ತಗಿದ್ದರೆ ರಬ್ಬರ್ ಹೋಸನ್ನು ಮುಟ್ಟಿಕೊಂಡು ಪೆಡಲ್ ಒತ್ತಿಸಿ. ಹಳೆಯ ಹೋಸ್ ಒತ್ತಡಕ್ಕೆ ಉಬ್ಬುವುದು ಬೆರಳಿಗೇ ಗೊತ್ತಾಗುತ್ತದೆ. ಇನ್ನು ಆಯಿಲ್. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 (ಬ್ರೇಕ್ ಆಯಿಲಿನ ದರ್ಜೆಗಳು) ಅಂತ ಬರೆದಿದ್ದರೆ ಅದನ್ನೇ ಹಾಕಿ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಸ್ವಲ್ಪ ಸೇರಿದರೂ ಒಳಗಿನ ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ, ಆಮೇಲೆ ಲೈನ್ ಪೂರ್ತಿ ಬಿಚ್ಚಬೇಕಾಗುತ್ತದೆ. ತೆರೆದಿಟ್ಟ ಹಳೆಯ ಬಾಟಲಿಯದ್ದೂ ಬೇಡ, ಅದು ಗಾಳಿಯಲ್ಲಿನ ತೇವ ಹೀರಿಕೊಂಡಿರುತ್ತದೆ. ಬಾಡಿಯ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ.

ಪ್ರಶ್ನೆ: ಕ್ಲಚ್ ಆಯಿಲ್ ಡಬ್ಬಿಯಲ್ಲಿ ನಾನು ಏನೂ ಹಾಕದೆ ಮಟ್ಟ ಸ್ವಲ್ಪ ಮೇಲೇರಿದೆ. ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯ. ಪ್ಲೇಟ್ ಸವೆಯುತ್ತಾ ಹೋದಂತೆ ಪ್ರೆಷರ್ ಪ್ಲೇಟಿನ ಬೆರಳುಗಳು ಹಿಂದಕ್ಕೆ ಬಂದು, ಸ್ಲೇವ್ ಪಿಸ್ಟನ್ನನ್ನು ಒಳಕ್ಕೆ ತಳ್ಳುತ್ತವೆ. ಅಲ್ಲಿದ್ದ ಆಯಿಲ್ ಡಬ್ಬಿಗೆ ಬರುತ್ತದೆ. ಬ್ರೇಕಿನಲ್ಲಿ ಪ್ಯಾಡ್ ಸವೆದರೆ ಮಟ್ಟ ಇಳಿಯುತ್ತದೆ, ಕ್ಲಚ್‌ನಲ್ಲಿ ಉಲ್ಟಾ. ಆದ್ದರಿಂದ ಕ್ಲಚ್ ಡಬ್ಬಿಯ ಮಟ್ಟ ಇಳಿದರೆ ‘ಪ್ಲೇಟ್ ಸವೆದಿದೆ’ ಅನ್ನುವ ಸಮಾಧಾನ ಬೇಡ, ಎಲ್ಲೋ ಸೋರುತ್ತಿದೆ ಅಂತಲೇ ಹುಡುಕಿ. ನಿಮ್ಮ ಗಾಡಿ ಏರಿನಲ್ಲಿ ಜಾರದೇ ಇದ್ದರೆ ಸದ್ಯಕ್ಕೆ ಏನೂ ಮಾಡಬೇಕಿಲ್ಲ. ಮ್ಯಾಕ್ಸ್ ಗೆರೆ ದಾಟಿದ್ದರೆ ಜಾಸ್ತಿಯಾದಷ್ಟನ್ನು ಸಿರಿಂಜ್‌ನಲ್ಲಿ ಎಳೆದು ತೆಗೆಯಿರಿ.